ಹಗೇವಿನ ಜೋಳ, ಬೂದಿಹಾಳದ ಎಲುಬು: ಹಳೆಯ ಡಿಎನ್‌ಎ ಹೇಳುವುದೇನು?

ಹೋದ ಎಳ್ಳ ಅಮಾವಾಸ್ಯೆಗೆ ಕಲಬುರಗಿ ಹತ್ತಿರದ ನಮ್ಮ ಹೊಲದಲ್ಲಿ ಊಟಕ್ಕೆ ಕೂತಿದ್ದೆವು. ಈ ಭಾಗದವರಿಗೆ ಆ ಊಟದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಭಜ್ಜಿ, ಶೇಂಗಾ ಹಿಂಡಿ, ಅಂಬಲಿ. ಮೊದಲು ಹೊಲಕ್ಕೆ ಚರಗ ಚೆಲ್ಲಿ ಬಂದು, ಆಮೇಲೆ ಎಲ್ಲರೂ ಗುಂಪಾಗಿ ಕೂರುವುದು. ಎದುರಿಗೆ ಹಿಂಗಾರಿ ಜೋಳ, ಪಕ್ಕದ ಹೊಲದಲ್ಲಿ ಕೊಯ್ಲಿಗೆ ಬಂದ ತೊಗರಿ. ನಮ್ಮ ಕಾಕಾ ಎರಡನೇ ರೊಟ್ಟಿ ಮುರಿಯುತ್ತಾ ಜೋಳದ ಕಡೆ ಕೈ ತೋರಿಸಿದರು. "ಇದು ಮಾಲದಂಡಿ. ಇದೇ ಎರಿ ಮಣ್ಣಾಗ ಹುಟ್ಟಿದ್ದು. ಮುತ್ಯಾನ ಮುತ್ಯಾನ ಕಾಲದಿಂದ ಒಂದು ಕಾಳೂ ಹೊರಗಿಂದ ಬಂದಿಲ್ಲ."

ನಾನು ಸುಮ್ಮನಿರಬೇಕಿತ್ತು. "ಜೋಳ ಮೊದಲು ಬೆಳೆದದ್ದು ಆಫ್ರಿಕಾದಾಗ ರೀ ಕಾಕಾ" ಅಂದುಬಿಟ್ಟೆ.

"ಹೌದೇನು? ಹಂಗಾದ್ರ ಅಲ್ಲಿ ಮಂದಿ ರೊಟ್ಟಿ ಬಡೀತಾರೇನು?"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕಾಕಾ ಇನ್ನೊಂದು ಪ್ರಶ್ನೆ ಹಾಕಿದರು. "ನಾಕೈದು ಸಾವಿರ ವರ್ಷದ ಹಿಂದಿಂದು ನಿಮಗ ಹ್ಯಾಂಗ ಗೊತ್ತಾಗ್ತದ? ಯಾರು ನೋಡಿ ಬಂದಾರ?"

ಪ್ರಶ್ನೆ ಸರಿಯಾಗೇ ಇತ್ತು. ಅಂದು ಬಾಯಲ್ಲಿ ರೊಟ್ಟಿ ಇತ್ತು, ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಫ್ರಿಕಾದ ಮಾತು ಮುಗಿಸೋಣ. ಸುಡಾನ್ ದೇಶದ ಪೂರ್ವಕ್ಕೆ ಕಸ್ಸಲಾ ಎಂಬ ಊರಿದೆ. ಅದರ ಹತ್ತಿರ ಸಿಕ್ಕ 5,000 ವರ್ಷಕ್ಕೂ ಹಳೆಯ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚುಗಳಿವೆ. ಮಡಕೆ ಬಿರಿಯದಿರಲಿ ಅಂತ ಮಣ್ಣಿಗೆ ಹೊಟ್ಟು ಬೆರೆಸಿದ್ದರು. ಮಡಕೆ ಸುಡುವಾಗ ಹೊಟ್ಟು ಉರಿದು ಹೋಯಿತು, ಅದರ ಆಕಾರ ಮಣ್ಣಿನಲ್ಲಿ ಉಳಿಯಿತು. ಆ ಅಚ್ಚುಗಳಲ್ಲಿ ಕಾಳಿನ ಬುಡ ನೋಡಬೇಕು. ಕೆಲವದರ ಬುಡ ನುಣ್ಣಗಿದೆ. ಅವು ತಾವಾಗಿಯೇ ಉದುರುವ ಕಾಡು ಜೋಳದವು. ಕೆಲವದರ ಬುಡ ಒರಟಾಗಿ ಕಿತ್ತು ಬಂದಿದೆ. ಅವನ್ನು ಯಾರೋ ಬಡಿದು ಬಿಡಿಸಿದ್ದಾರೆ. ಎರಡೂ ಬಗೆ ಒಂದೇ ರಾಶಿಯಲ್ಲಿ ಸೇರಿವೆ. ಅಂದರೆ ಜೋಳ ಅರ್ಧ ಪಳಗಿತ್ತು, ಅರ್ಧ ಕಾಡಿನಲ್ಲೇ ಇತ್ತು.

ಪಳಗುವುದು ಅಂದರೆ ಇಷ್ಟೆ. ಕಾಡು ಗಿಡಕ್ಕೆ ಕಾಳು ಉದುರಬೇಕು, ಇಲ್ಲದಿದ್ದರೆ ಅದರ ವಂಶ ಮುಂದುವರಿಯಲ್ಲ. ಮನುಷ್ಯನಿಗೆ ಕಾಳು ಉದುರಬಾರದು, ಇಲ್ಲದಿದ್ದರೆ ಮನೆಗೆ ಏನೂ ಬರಲ್ಲ. ಕೊಯ್ದು ತಂದ ತೆನೆಯಲ್ಲಿ ಉಳಿದಿರುವುದು ಉದುರದ ಕಾಳೇ ಜಾಸ್ತಿ. ಮುಂದಿನ ವರ್ಷ ಬಿತ್ತುವುದೂ ಅದನ್ನೇ. ಹೀಗೆ ನೂರಾರು ವರ್ಷ ನಡೆದರೆ ಉದುರದ ತಳಿ ತಾನಾಗಿ ಮೇಲೆ ಬರುತ್ತದೆ. ಯಾರೂ ಕೂತು ಯೋಜನೆ ಹಾಕಿದ್ದಲ್ಲ.

ಮಡಕೆಯ ಅಚ್ಚು, ಸುಟ್ಟ ಕಾಳು, ಎಲುಬಿನ ಅಳತೆ. ಇಷ್ಟರ ಮೇಲೇ ಬಹಳ ಕಾಲ ಈ ಶಾಸ್ತ್ರ ನಡೆಯಿತು. ಆಕಾರ ಬದಲಾಗಿದ್ದು ಇವುಗಳಿಂದ ತಿಳಿಯುತ್ತದೆ. ಯಾವ ತಳಿ ಯಾವುದರ ಜೊತೆ ಕೂಡಿತು, ಯಾರ ಹೋರಿ ಯಾರ ಆಕಳಿಗೆ ಬಂತು ಅನ್ನುವುದು ತಿಳಿಯುವುದಿಲ್ಲ. ಅದಕ್ಕೆ ಡಿಎನ್‌ಎ ಬೇಕಾಯಿತು.

ಗೆದ್ದಲು ತಿಂದ ಕಾಗದ

ನಮ್ಮ ಕಡೆ ಹಳೆಯ ಮನೆಗಳ ಸಂದೂಕದಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳು ಇರುತ್ತವೆ. ಬಿಚ್ಚಿದರೆ ಮಡಿಕೆಯಲ್ಲೇ ತುಂಡಾಗುತ್ತವೆ. ಅಂಚು ಗೆದ್ದಲು ತಿಂದಿರುತ್ತದೆ, ಶಾಯಿ ಮಾಸಿರುತ್ತದೆ. ಆದರೂ ಉರ್ದು ಬಲ್ಲ ಹಿರಿಯರು ನಾಲ್ಕು ತುಂಡು ಜೋಡಿಸಿ "ಇದು ಇಂಥ ಹೊಲದ ಕಾಗದ" ಅಂತ ಹೇಳಿಬಿಡುತ್ತಾರೆ. ಅದೇ ಹೊಲದ ಹೊಸ ಕಾಗದ ಕಣ್ಣೆದುರಿಗೆ ಇದ್ದರೆ ಕೆಲಸ ಇನ್ನೂ ಸುಲಭ.

ಹಳೆಯ ಡಿಎನ್‌ಎ ಕೆಲಸ ಹೆಚ್ಚು ಕಡಿಮೆ ಹೀಗೇ. ಜೀವ ಇರುವಾಗ ಡಿಎನ್‌ಎ ಕೋಟಿಗಟ್ಟಲೆ ಅಕ್ಷರಗಳ ಉದ್ದನೆಯ ಎಳೆ. ಜೀವ ಹೋದ ಮೇಲೆ ರಿಪೇರಿ ಮಾಡುವವರಿಲ್ಲ. ನೀರು, ಬಿಸಿಲು, ಸೂಕ್ಷ್ಮಜೀವಿಗಳು ಸೇರಿ ಅದನ್ನು ಚೂರು ಮಾಡುತ್ತವೆ. ಸಾವಿರಾರು ವರ್ಷದ ಮೇಲೆ ಸಿಗುವ ಚೂರು ಬಹುಪಾಲು 30ರಿಂದ 60 ಅಕ್ಷರದ್ದು. ಯಂತ್ರ ಅಂಥ ಲಕ್ಷಾಂತರ ಚೂರುಗಳನ್ನು ಓದುತ್ತದೆ. ಕಂಪ್ಯೂಟರ್ ಅವನ್ನು ಇವತ್ತಿನ ಜೋಳದ ಅಥವಾ ದನದ ಪೂರ್ತಿ ಪ್ರತಿಯ ಮೇಲೆ ಇಟ್ಟು ಜೋಡಿಸುತ್ತದೆ.

ಇದರಲ್ಲಿ ಒಂದು ಚಂದದ ವಿಷಯ ಇದೆ. ಹಳೆಯ ಚೂರುಗಳ ತುದಿಯಲ್ಲಿ 'ಸಿ' ಅನ್ನುವ ಅಕ್ಷರ ಕೆಟ್ಟು ಯಂತ್ರಕ್ಕೆ 'ಟಿ' ಅಂತ ಕಾಣುತ್ತದೆ. ಮೊದಮೊದಲು ಇದು ಕಿರಿಕಿರಿ ಆಗಿತ್ತು. ಈಗ ಅದೇ ಸಾಕ್ಷಿ. ಈ ಹಾಳಾದ ಗುರುತು ಇದ್ದರೆ ಡಿಎನ್‌ಎ ನಿಜವಾಗಿ ಹಳೆಯದು. ಇಲ್ಲದಿದ್ದರೆ ಅಗೆದವರ ಬೆವರೋ, ಲ್ಯಾಬ್‌ನವರ ಉಗುಳೋ ಸೇರಿಕೊಂಡಿದೆ ಅಂತ ಅನುಮಾನ ಪಡಬೇಕು.

ಇದೆಲ್ಲ ಶುರುವಾಗಿದ್ದು 1984ರಲ್ಲಿ. ಅಳಿದುಹೋದ ಕ್ವಾಗಾ ಎಂಬ ಜೀಬ್ರಾ ಜಾತಿಯ ಪ್ರಾಣಿಯ ಚರ್ಮ ಮ್ಯೂಸಿಯಂನಲ್ಲಿತ್ತು. ಅದರಿಂದ ಒಂದಿಷ್ಟು ಡಿಎನ್‌ಎ ತೆಗೆದರು. ಆಮೇಲೆ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರಾದ ಸ್ವಾಂಟೆ ಪಾಬೋ ಅವರಿಗೆ 2022ರಲ್ಲಿ ನೊಬೆಲ್ ಬಂತು. ಅವರ ಹೆಸರು ಮಾಡಿದ್ದು ಅಳಿದುಹೋದ ನಿಯಾಂಡರ್ತಲ್ ಮನುಷ್ಯರ ಡಿಎನ್‌ಎ. ಪೇಪರಿನಲ್ಲಿ ಬರುವುದೂ ಮನುಷ್ಯರ ಸುದ್ದಿಯೇ. ನನ್ನನ್ನು ಕೇಳಿದರೆ ಜೋಳ ಮತ್ತು ದನದ ಕಥೆಯೇ ಹೆಚ್ಚು ರುಚಿ.

ಮಾಲದಂಡಿಯ ದೂರದ ನೆಂಟರು

ಈಜಿಪ್ಟಿನ ದಕ್ಷಿಣಕ್ಕೆ ನೈಲ್ ನದಿ ದಂಡೆಯ ಗುಡ್ಡದ ಮೇಲೆ ಕಸ್ರ್ ಇಬ್ರೀಮ್ ಎಂಬ ಹಳೆಯ ಕೋಟೆ ಊರಿದೆ. ಅಸ್ವಾನ್ ಅಣೆಕಟ್ಟಿನ ನೀರು ತುಂಬಿದ ಮೇಲೆ ಅದು ದ್ವೀಪದ ಹಾಗೆ ಉಳಿದುಕೊಂಡಿದೆ. ಅಲ್ಲಿ ಮಳೆ ಅನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಸಾವಿರಾರು ವರ್ಷದ ಜೋಳದ ಕಾಳು ಸುಡದೆ, ಕೊಳೆಯದೆ, ಬರೀ ಒಣಗಿ ಉಳಿದಿದೆ. ಒಂದೇ ಜಾಗ, ಆದರೆ ಬೇರೆ ಬೇರೆ ಕಾಲದ ಜೋಳ. ತಳಿಶಾಸ್ತ್ರದವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕಾ?

ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ರಾಬಿನ್ ಅಲಬಿ ಮತ್ತು ಜೊತೆಗಾರರು ಆ ಕಾಳುಗಳ ಡಿಎನ್‌ಎ ಓದಿ 2019ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಎಲ್ಲರೂ ಒಪ್ಪಿಕೊಂಡಿದ್ದ ಮಾತು ಹೀಗಿತ್ತು: ಜನ ಒಂದು ಸಲ ಕೆಲವೇ ಗಿಡ ಆರಿಸಿಕೊಂಡರು, ಆಗ ಬೆಳೆಯ ಒಳಗಿನ ವೈವಿಧ್ಯ ಒಮ್ಮೆಲೇ ಕುಸಿಯಿತು, ಉಳಿದದ್ದೇ ಇವತ್ತಿನ ಬೆಳೆ. ಕಸ್ರ್ ಇಬ್ರೀಮ್ ಜೋಳ ಬೇರೆಯದೇ ಹೇಳಿತು. ಒಮ್ಮೆಲೇ ಕುಸಿದ ಗುರುತು ಅಲ್ಲಿಲ್ಲ. ವೈವಿಧ್ಯ ನಿಧಾನವಾಗಿ, ಶತಮಾನದಿಂದ ಶತಮಾನಕ್ಕೆ ಸವೆಯುತ್ತಾ ಹೋಗಿದೆ. ಅದರ ಜೊತೆಗೆ ಕೆಟ್ಟ ಬದಲಾವಣೆಗಳು, ಅಂದರೆ ಗಿಡಕ್ಕೆ ತೊಂದರೆ ಕೊಡುವ ತಪ್ಪು ಅಕ್ಷರಗಳು, ಸಾಲದ ಬಡ್ಡಿಯ ಹಾಗೆ ಕೂಡುತ್ತಾ ಬಂದಿವೆ. ರೈತ ದಪ್ಪ ಕಾಳು ನೋಡಿ ಬೀಜ ಆರಿಸುತ್ತಾನೆ. ಅದರ ಬೆನ್ನಿಗೆ ಅಂಟಿಕೊಂಡು ಬಂದ ದೋಷ ಅವನ ಕಣ್ಣಿಗೆ ಹೇಗೆ ಕಾಣಬೇಕು?

ಆಮೇಲೆ ಏನಾಯಿತು ಅನ್ನುವುದೇ ಮುಖ್ಯ. ಮೊದಲು ಅಲ್ಲಿದ್ದದ್ದು ಬೈಕಲರ್ ಎಂಬ ಗುಂಪಿನ ಜೋಳ. ಅದರ ತೆನೆ ಸಡಿಲ. ಬಹಳ ಕಾಲದ ಮೇಲೆ ದುರ್ರಾ ಎಂಬ ಇನ್ನೊಂದು ಗುಂಪು ಬಂತು. ತೆನೆ ಬಿಗಿ, ಕಾಳು ದಪ್ಪ. ಎರಡೂ ಒಂದರ ಜೊತೆ ಒಂದು ಕೂಡಿದವು. ಕೂಡಿದಾಗ ಒಬ್ಬರ ಕೊರತೆ ಇನ್ನೊಬ್ಬರು ತುಂಬಿದ ಹಾಗಾಯಿತು. ಎರಡರ ದೋಷದ ಹೊರೆಯೂ ಇಳಿಯಿತು, ಒಳ್ಳೆಯ ಗುಣಗಳು ಅದಲು ಬದಲಾದವು.

ಈಗ ಮಾಲದಂಡಿಗೆ ಬನ್ನಿ. ನಾವು ಹಿಂಗಾರಿಯಲ್ಲಿ ಬಿತ್ತುವ ಎಂ 35-1, ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ವಾತಂತ್ರ್ಯಕ್ಕೂ ಮುಂಚೆ ಸ್ಥಳೀಯ ಮಾಲದಂಡಿಯಿಂದ ಆರಿಸಿ ತೆಗೆದದ್ದು. ಅದು ದುರ್ರಾ ಗುಂಪಿಗೇ ಸೇರುತ್ತದೆ. ಬಿಗಿ ತೆನೆ, ಮುತ್ತಿನಂಥ ಬಿಳಿ ಕಾಳು ನೋಡಿದರೇ ಗೊತ್ತಾಗುತ್ತದೆ. ಇನ್ನೊಂದು ಮಾತು. ದುರ್ರಾ ರೂಪುಗೊಂಡದ್ದೇ ಭಾರತದ ಕಡೆ, ಆಫ್ರಿಕಾದಿಂದ ಬಂದ ಹಳೆಯ ಜೋಳ ಇಲ್ಲಿ ಬದಲಾಗಿ ಮತ್ತೆ ಪಡುವಣಕ್ಕೆ ಹೋಯಿತು ಅನ್ನುವುದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಕಾಕಾನ ಮಾತು ಪೂರ್ತಿ ಸುಳ್ಳಲ್ಲ. ಸೊಸೆಯಾಗಿ ಬಂದ ಜೋಳ ಇಲ್ಲಿ ಮನೆಮಗಳಾಯಿತು. ಆಮೇಲೆ ತವರಿಗೂ ಹೋಗಿ ಬಂತು.

ಎಲ್ಲ ಬೆಳೆಯ ಕಥೆಯೂ ಹೀಗೇ ಇರಬೇಕಿಲ್ಲ. ಇಸ್ರೇಲಿನ ಮಸಾಡಾ ಹತ್ತಿರದ ಯೋರಾಮ್ ಗುಹೆಯಲ್ಲಿ 6,000 ವರ್ಷದ ಬಾರ್ಲಿ, ಅಂದರೆ ಜವೆಗೋಧಿ ಸಿಕ್ಕಿತು. ಅದರ ಡಿಎನ್‌ಎ ಇವತ್ತಿಗೂ ಆ ಭಾಗದ ರೈತರು ಬೆಳೆಯುವ ನಾಟಿ ಬಾರ್ಲಿಗೆ ಬಹಳ ಹತ್ತಿರ ಇದೆ. ಮೆಕ್ಸಿಕೋದ ತೆಹುಆಕಾನ್ ಕಣಿವೆಯ 5,300 ವರ್ಷದ ಗೋವಿನ ಜೋಳದ ತೆನೆ ಅರ್ಧ ಪಳಗಿತ್ತು. ಕಾಳಿನ ಗಟ್ಟಿ ಕವಚ ಬಿಟ್ಟಿತ್ತು, ಕಾಳಿನ ಪಿಷ್ಟದ ಗುಣ ಮಾತ್ರ ಇನ್ನೂ ಕಾಡಿನದೇ.

ಪಡುವಣಕ್ಕೆ ಹೋದ ಹೋರಿಗಳು

ದನದ ವಿಷಯಕ್ಕೆ ಬಂದರೆ ದಾರಿ ತಿರುಗುಮುರುಗು. ಇಲ್ಲಿ ನಾವು ಕೊಟ್ಟವರು.

ಲೋಕದಲ್ಲಿ ಸಾಕಿದ ದನ ಮುಖ್ಯವಾಗಿ ಎರಡು ಬಗೆ. ಡುಬ್ಬ ಇಲ್ಲದ್ದು ಟರ್ಕಿ, ಸಿರಿಯಾ ಕಡೆ ಸುಮಾರು 10,500 ವರ್ಷದ ಹಿಂದೆ ಪಳಗಿತು. ಡುಬ್ಬ ಇರುವ ನಮ್ಮ ದನ ಸಿಂಧೂ ಬಯಲಿನ ಕಡೆ, ಸುಮಾರು 8,000 ವರ್ಷದ ಹಿಂದೆ. ಬಲೂಚಿಸ್ತಾನದ ಮೆಹರ್‌ಗಢದ ಎಲುಬುಗಳು ಇದಕ್ಕೆ ಮೊದಲ ಸಾಕ್ಷಿ. ಎರಡೂ ಬೇರೆ ಬೇರೆ ಕಾಡುದನದಿಂದ ಬಂದವು.

2019ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ತಂಡ 67 ಹಳೆಯ ದನಗಳ ಡಿಎನ್‌ಎ ಓದಿತು. ಪಶ್ಚಿಮ ಏಷ್ಯಾದ ದನಗಳಲ್ಲಿ ಸುಮಾರು 4,200 ವರ್ಷದ ಹಿಂದಿನವರೆಗೆ ನಮ್ಮ ಡುಬ್ಬದ ದನದ ರಕ್ತ ಇಲ್ಲವೇ ಇಲ್ಲ. ಆ ಹೊತ್ತಿಗೆ ಆ ಭಾಗದಲ್ಲೆಲ್ಲ ದೊಡ್ಡ ಬರ ಬಿತ್ತು. ಅದಾದ ಮೇಲೆ ಕೆಲವೇ ಶತಮಾನಗಳಲ್ಲಿ ಡುಬ್ಬದ ದನದ ಅಂಶ ಎಲ್ಲೆಡೆ ಕಾಣಿಸುತ್ತದೆ.

ಕುತೂಹಲ ಇರುವುದು ಮುಂದೆ. ತಾಯಿಯಿಂದ ಮಾತ್ರ ಬರುವ ಡಿಎನ್‌ಎ ನೋಡಿದರೆ ಅಲ್ಲಿನ ದನ ಬಹುಪಾಲು ಅಲ್ಲಿನದೇ. ಅಂದರೆ ಆಕಳು ಅಲ್ಲಿನವು, ಹೋರಿ ಇಲ್ಲಿನವು. ಮಂದೆ ಮಂದೆಯೇ ವಲಸೆ ಹೋಗಿದ್ದರೆ ಆಕಳುಗಳ ಗುರುತೂ ಹೋಗಬೇಕಿತ್ತು. ಬಿಸಿಲು ತಡೆಯುವ, ಕಡಿಮೆ ನೀರಲ್ಲಿ ಬದುಕುವ ಹೋರಿ ಬೇಕು ಅಂತ ಜನ ಬೇಕೆಂದೇ ತರಿಸಿಕೊಂಡಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಹೋರಿಯ ಹಲ್ಲು ನೋಡಿ, ಬೆನ್ನು ತಟ್ಟಿ, ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಾರಲ್ಲ, ಅಂಥ ವ್ಯಾಪಾರ ಆಗಲೂ ನಡೆದಿರಬೇಕು ಅಂತ ನನಗೆ ಅನಿಸುತ್ತದೆ. ಆಫ್ರಿಕಾದಲ್ಲೂ ಇದೇ ನಡೆಯಿತು. ಇವತ್ತು ಅಲ್ಲಿ ಡುಬ್ಬ ಇರುವ ದನಗಳ ತಾಯಿವಂಶ ಡುಬ್ಬ ಇಲ್ಲದ ದನದ್ದೇ.

ನಮ್ಮ ಮಣ್ಣು ಬಾಯಿ ಬಿಡುವುದಿಲ್ಲ

ಹಾಗಾದರೆ ನಮ್ಮದೇ ನೆಲದ ಹಳೆಯ ದನದ ಡಿಎನ್‌ಎ ಯಾಕೆ ಓದಬಾರದು? ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಸೀಮೆಯಲ್ಲಿ ಬೂದಿಹಾಳ ಇದೆ. ಹೆಸರಲ್ಲೇ ಬೂದಿ ಇದೆ ನೋಡಿ. 4,000 ವರ್ಷಕ್ಕೂ ಹಿಂದೆ ಅಲ್ಲಿ ದನಗಾರರು ದೊಡ್ಡ ದೊಡ್ಡಿ ಕಟ್ಟಿಕೊಂಡು ಬದುಕಿದ್ದರು. ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟರು. ಅದೇ ಬೂದಿದಿಬ್ಬ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1980ರ ದಶಕದ ಕೊನೆಯಿಂದ ಹಲವು ವರ್ಷ ಅಲ್ಲಿ ಅಗೆದರು. ದೊಡ್ಡಿಯ ಜೊತೆಗೆ ಮನೆಗಳು, ಮಕ್ಕಳ ಸಮಾಧಿಗಳು, ಕಲ್ಲಿನ ಆಯುಧ ಮಾಡುವ ಜಾಗ, ದನ ಕಡಿಯುತ್ತಿದ್ದ ಅಂಗಳ ಎಲ್ಲ ಸಿಕ್ಕವು. ಎಲುಬುಗಳಲ್ಲಿ ದನದವೇ ಜಾಸ್ತಿ. ಪಕ್ಕದ ತೆಲಂಗಾಣದ ಉಟ್ನೂರಿನ ಬೂದಿದಿಬ್ಬದಲ್ಲಿ ದನದ ಗೊರಸಿನ ಗುರುತುಗಳೇ ಉಳಿದಿದ್ದವು. ಬೆಂಕಿ ಯಾಕೆ ಇಟ್ಟರು ಅನ್ನುವ ಜಗಳ ಪಂಡಿತರಲ್ಲಿ ಇನ್ನೂ ನಡೆದಿದೆ. ಹಬ್ಬದ ಬೆಂಕಿ ಅಂತ ಕೆಲವರು, ದೊಡ್ಡಿ ಚೊಕ್ಕಟ ಮಾಡಲು ಅಂತ ಕೆಲವರು. ಹಂಪಿ ಹತ್ತಿರದ ನಿಂಬಾಪುರದ ಜನರಿಗೆ ಈ ತಲೆಬಿಸಿ ಇಲ್ಲ. ಅವರೂರಿನ ದಿಬ್ಬ ವಾಲಿಯನ್ನು ಸುಟ್ಟ ಬೂದಿ.

ಎಲುಬು ಇದೆ. ತೊಂದರೆ ಇರುವುದು ಬಿಸಿಲಿನದು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ಬಿಸಿ ಏರಿದಷ್ಟೂ ಡಿಎನ್‌ಎ ಬೇಗ ಒಡೆಯುತ್ತದೆ. ಮೇಲೆ ನಮ್ಮ ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಆ ಬಿರುಕಿನಲ್ಲೇ ನೀರು ಇಳಿಯುತ್ತದೆ. ವರ್ಷಾ ವರ್ಷಾ ಒದ್ದೆ, ಒಣ, ಒದ್ದೆ, ಒಣ. ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಿಂದ 20 ಲಕ್ಷ ವರ್ಷದ ಡಿಎನ್‌ಎ ಓದಿದ್ದಾರೆ. ಇಲ್ಲಿ 4,000 ವರ್ಷವೇ ಬಹಳ ದೂರ.

ಕಷ್ಟ ಎಷ್ಟು ಅಂತ ತಿಳಿಯಲು ಸಿಂಧೂ ನಾಗರಿಕತೆಯ ಊರಾದ ಹರಿಯಾಣದ ರಾಖಿಗಢಿ ಸಾಕು. ಅಲ್ಲಿನ 61 ಮಾದರಿಗಳನ್ನು ಪರೀಕ್ಷೆ ಮಾಡಿದರು. ಕಿವಿಯ ಒಳಗಿನ ಎಲುಬು ಬಹಳ ಗಟ್ಟಿ, ಡಿಎನ್‌ಎ ಉಳಿದರೆ ಅಲ್ಲೇ ಉಳಿಯಬೇಕು. ಅಷ್ಟು ಹುಡುಕಿದರೂ ಓದಲು ಬಂದದ್ದು ಒಬ್ಬಳೇ ಹೆಂಗಸಿನದು. 2019ರಲ್ಲಿ ಬಂದ ಆ ಸುದ್ದಿಯನ್ನು ಟಿವಿಯಲ್ಲಿ ಎಲ್ಲರೂ ತಮಗೆ ಬೇಕಾದ ಹಾಗೆ ಓದಿಕೊಂಡರು. ಅರವತ್ತು ಮಾದರಿ ಖಾಲಿ ಹೋಯಿತು ಅನ್ನುವುದನ್ನು ಹೇಳಿದವರು ಕಡಿಮೆ.

ಕಾಳಿನದು ಇನ್ನೂ ಕಷ್ಟ. ದಕ್ಷಿಣ ಭಾರತದ ಹಳೆಯ ನೆಲೆಗಳಲ್ಲಿ ಉಳಿದಿರುವುದು ಸುಟ್ಟು ಇದ್ದಿಲಾದ ಕಾಳು. ಸುಟ್ಟಿದ್ದಕ್ಕೇ ಅದು ಹುಳ ಹಿಡಿಯದೆ ಉಳಿಯಿತು. ಸುಟ್ಟಿದ್ದಕ್ಕೇ ಅದರ ಡಿಎನ್‌ಎ ಹೋಯಿತು. ಆದರೆ ಆಕಾರ ಇದೆ. ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಇದ್ದಿಲು ತೇಲುತ್ತದೆ. ಬಟ್ಟೆಯಲ್ಲಿ ಸೋಸಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೀಗೆ ಕೂತು ಹೆಕ್ಕಿದವರಲ್ಲಿ ದೊಡ್ಡ ಹೆಸರು ಡೋರಿಯನ್ ಫುಲ್ಲರ್. ಬಳ್ಳಾರಿ ಸುತ್ತಿನ ನೆಲೆಗಳಿಂದ ಅವರ ತಂಡ ಕಂಡದ್ದು ಇದು: ಜೋಳ, ಸಜ್ಜೆ ಬರುವ ಮೊದಲು ಇಲ್ಲಿನವರ ಊಟ ಹೆಸರು, ಹುರುಳಿ, ಕೊರಲೆ ಮತ್ತು ನವಣೆಯ ಜಾತಿಯ ಒಂದು ಹುಲ್ಲಿನ ಕಾಳು. ಈಗ ಕೊರಲೆ ಸಿರಿಧಾನ್ಯ ಅಂತ ಪಾಕೀಟಿನಲ್ಲಿ ಬರುತ್ತದೆ. ಆ ಹುಲ್ಲು ಮಾತ್ರ ಹೊಲದಲ್ಲಿ ಕಳೆಯಾಗಿ ಉಳಿದಿದೆ. ಕೀಳುವಾಗ ಯಾರಿಗೂ ಅದು ಒಂದು ಕಾಲದ ಅನ್ನ ಅಂತ ಗೊತ್ತಿರಲ್ಲ.

ಡಿಎನ್‌ಎ ಸಿಗದಿದ್ದರೆ ಬೇರೆ ದಾರಿಗಳೂ ಇವೆ. ಎಲುಬಿನಲ್ಲಿ ಕೊಲ್ಯಾಜನ್ ಎಂಬ ಪ್ರೋಟೀನ್ ಡಿಎನ್‌ಎಗಿಂತ ಗಟ್ಟಿ. ಒಂದು ಚೂರು ಎಲುಬು ಕುರಿಯದೋ ಆಡಿನದೋ ಅಂತ ಅದು ಹೇಳಬಲ್ಲದು. ಹಲ್ಲಿನ ಹೊಳಪಿನ ಪದರ ಇನ್ನೂ ಗಟ್ಟಿ. ದನ ಯಾವ ಬಗೆಯ ಹುಲ್ಲು ತಿಂದಿತ್ತು, ಬೇರೆ ಸೀಮೆಯಲ್ಲಿ ಮೇಯ್ದು ಬಂದಿತ್ತಾ ಅನ್ನುವುದು ಅದರಲ್ಲಿ ಬರೆದಿರುತ್ತದೆ.

ನೆಟೆ ಬಿದ್ದ ತೊಗರಿ

ಹಳೆಯ ಕಾಗದ ಹೋಗಿದ್ದರೆ ಹೊಸ ಕಾಗದದಿಂದಲೂ ಒಂದಷ್ಟು ತಿಳಿಯಬಹುದು. ತೊಗರಿಯ ವಿಷಯದಲ್ಲಿ ಹಾಗೇ ಆಯಿತು. ಹುಮನಾಬಾದಿನಿಂದ ಹೈದರಾಬಾದಿಗೆ ಬಸ್ಸಲ್ಲಿ ಹೋಗುವಾಗ ಪಟಾನ್‌ಚೆರು ದಾಟುತ್ತೇವಲ್ಲ, ಅಲ್ಲೇ ಒಣ ಸೀಮೆಯ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇರುವುದು. ಅದರ ಬೀಜದ ಉಗ್ರಾಣದಲ್ಲಿ 13 ಸಾವಿರಕ್ಕೂ ಹೆಚ್ಚು ಬಗೆಯ ತೊಗರಿ ಇದೆ. 2011ರಲ್ಲಿ 'ಆಶಾ' ಎಂಬ ತೊಗರಿಯ ಪೂರ್ತಿ ಡಿಎನ್‌ಎ ಓದಿ ಮುಗಿಸಿದರು. 48,680 ಜೀನ್‌ಗಳು ಲೆಕ್ಕಕ್ಕೆ ಬಂದವು. 2017ರಲ್ಲಿ 292 ಬಗೆಯ ತೊಗರಿಗಳನ್ನು, ಕಾಡು ನೆಂಟರನ್ನೂ ಸೇರಿಸಿ, ಹೋಲಿಸಿ ನೋಡಿದರು. ಅದು ತೊಗರಿಯ ತವರಾಗಿ ಮಧ್ಯಪ್ರದೇಶದ ಕಡೆ ಕೈ ತೋರಿಸಿತು. ಒಡಿಶಾದ ಗೋಪಾಲಪುರದಲ್ಲಿ 3,000 ವರ್ಷ ದಾಟಿದ ಸುಟ್ಟ ತೊಗರಿ ಸಿಕ್ಕಿದೆ. ಕಲಬುರಗಿ ತೊಗರಿಯ ಕಣಜ, 2019ರಲ್ಲಿ ಇಲ್ಲಿನ ಬೇಳೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಬಂತು. ಆದರೆ ಮೂಲದಲ್ಲಿ ಅದೂ ಇಲ್ಲಿಗೆ ಬಂದು ನೆಲೆಸಿದ್ದೇ.

ಇದೇ ಹೋಲಿಕೆಯಿಂದ ಚಿಂತೆಯ ವಿಷಯವೂ ಹೊರಬಂತು. ಕಾಡು ತೊಗರಿಯಲ್ಲಿ ಇರುವ ವೈವಿಧ್ಯದ ಮುಂದೆ ನಾವು ಬೆಳೆಯುವ ತೊಗರಿಯದು ಬಹಳ ಕಡಿಮೆ. ಅದರ ಅರ್ಥ ನಮ್ಮ ರೈತರಿಗೆ 2022ರ ಕೊನೆಗೆ ಚೆನ್ನಾಗಿ ಗೊತ್ತಾಯಿತು. ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂತು. ಸೋಮವಾರ ಹಸಿರಾಗಿದ್ದ ಸಾಲು ಮುಂದಿನ ಸೋಮವಾರ ಕಟ್ಟಿಗೆ. ನಮ್ಮ ಪಕ್ಕದ ಹೊಲದಲ್ಲಿ ಒಂದು ಗಿಡ ಕಿತ್ತು ಕಾಂಡ ಸೀಳಿ ನೋಡಿದೆ. ಒಳಗೆ ಉದ್ದಕ್ಕೂ ಕಪ್ಪು ಗೆರೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ದಾರಿ ಮುಚ್ಚಿತ್ತು. ಒಂದೇ ಬಗೆಯ ಬೀಜ, ಒಂದೇ ಹೊಲ, ವರ್ಷಾ ವರ್ಷಾ ಅದೇ ಬೆಳೆ. ರೋಗಕ್ಕೆ ಇನ್ನೇನು ಬೇಕು?

ಔಷಧಿ ಇರುವುದು ಬೆರಕೆಯಲ್ಲಿ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳನ್ನು ಕೊಟ್ಟಿದೆ. ಇಕ್ರಿಸ್ಯಾಟ್‌ನ ಹೈಬ್ರಿಡ್ ತೊಗರಿ ಸಾಧ್ಯವಾಗಿದ್ದೇ ಕಾಡು ತೊಗರಿಯ ತಾಯಿವಂಶ ತಂದು ಸೇರಿಸಿದ್ದರಿಂದ. ನೈಲ್ ದಂಡೆಯಲ್ಲಿ ಎರಡು ಜೋಳ ಕೂಡಿ ಚೇತರಿಸಿಕೊಂಡವು ಅಂದೆನಲ್ಲ, ಈಗ ಅದನ್ನೇ ಬೇಕೆಂದು ಮಾಡುತ್ತಿದ್ದಾರೆ.

ಅದಕ್ಕೇ "ಶುದ್ಧ ದೇಸಿ" ಅನ್ನುವ ಮಾತು ಕೇಳಿದರೆ ನನಗೆ ಈಗ ಸ್ವಲ್ಪ ಅನುಮಾನ. ಒಂದು ಮೇಳದಲ್ಲಿ "5,000 ವರ್ಷದ ಶುದ್ಧ ತಳಿ"ಯ ತುಪ್ಪ ಅಂತ ಬೋರ್ಡು ನೋಡಿ ದುಪ್ಪಟ್ಟು ದುಡ್ಡು ಕೊಟ್ಟು ತಂದಿದ್ದೆ. ರುಚಿ ಚೆನ್ನಾಗೇ ಇತ್ತು. ಆದರೆ ಬೀದರ್ ಸೀಮೆಯ ದೇವಣಿ ದನವನ್ನೇ ತೆಗೆದುಕೊಳ್ಳಿ. ಹಾಲೂ ಕೊಡುತ್ತದೆ, ಗಳೆಯನ್ನೂ ಹೊಡೆಯುತ್ತದೆ, ಬಿಸಿಲಿಗೆ ಹೆದರಲ್ಲ. ನಮ್ಮ ಹೆಮ್ಮೆಯ ತಳಿ, ಅದರಲ್ಲಿ ಎರಡು ಮಾತಿಲ್ಲ. ಅದು ಹುಟ್ಟಿದ್ದು ಗೀರ್, ಡಾಂಗಿ ಮತ್ತು ಇಲ್ಲಿನ ದನ ಕೂಡಿ ಅಂತ ಪಶುತಜ್ಞರು ಹೇಳುತ್ತಾರೆ. ದೇಸಿ ಆಕಳ ಹಾಲೇ ಒಳ್ಳೆಯದು ಅಂತ ಮಾರುವ ಎ2 ಹಾಲಿನ ಗದ್ದಲವೂ ಇದರ ತಮ್ಮನೇ. ಹಾಲಿನ ಒಂದು ಪ್ರೋಟೀನಿನಲ್ಲಿ 67ನೇ ಜಾಗದಲ್ಲಿ ಇರುವ ಒಂದೇ ಒಂದು ವ್ಯತ್ಯಾಸದ ಮೇಲೆ ಇಡೀ ವ್ಯಾಪಾರ ನಿಂತಿದೆ. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪಾಕೀಟಿನ ಮೇಲಿನ ಎ1, ಎ2 ಬರಹ ತೆಗೆಯಿರಿ ಅಂತ ಹೇಳಿತು. ಕೆಲವೇ ದಿನದಲ್ಲಿ ಆ ಮಾತನ್ನು ವಾಪಸ್ ತೆಗೆದುಕೊಂಡಿತು. ದೇವಣಿ ಉಳಿಯಬೇಕು ಅನ್ನುವುದಕ್ಕೆ ಕಾರಣ ಅದರ ಗುಣ. ಸುಳ್ಳು ವಂಶಾವಳಿ ಬರೆಯುವ ಅಗತ್ಯ ಅದಕ್ಕಿಲ್ಲ.

ಹತ್ತು ಕಾಳು

ಹಳೆಯ ಸಾಕ್ಷಿ ನಮ್ಮಲ್ಲಿ ಮಣ್ಣಿನ ಕಾರಣಕ್ಕೆ ಮಾತ್ರ ಹೋಗುತ್ತಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರದ ಕಡೆ ಭತ್ತ ಬಂತು. ಭತ್ತಕ್ಕೆ ನೆಲ ಸಮ ಇರಬೇಕು. ದಿಬ್ಬ ಇದ್ದರೆ ಜೆಸಿಬಿ ಬರುತ್ತದೆ. ಬೂದಿಯನ್ನು ಗೊಬ್ಬರ ಅಂತ ಹೊಲಕ್ಕೆ ಹೇರುವುದೂ ಹಲವು ಬೂದಿದಿಬ್ಬಗಳಲ್ಲಿ ನಡೆದಿದೆ. ರೈತರನ್ನು ಬೈದು ಪ್ರಯೋಜನ ಇಲ್ಲ. ಅವರಿಗೆ ಯಾರೂ ಇದು ಏನು ಅಂತ ಹೇಳಿಲ್ಲ, ಬಿಟ್ಟುಕೊಟ್ಟರೆ ಏನು ಸಿಗುತ್ತದೆ ಅಂತಲೂ ಹೇಳಿಲ್ಲ.

ವಿಜ್ಞಾನಿಗಳ ಕಡೆಯೂ ಒಂದು ಇಕ್ಕಟ್ಟು ಇದೆ. ಡಿಎನ್‌ಎ ತೆಗೆಯಬೇಕಾದರೆ ಎಲುಬು ಕೊರೆದು ಪುಡಿ ಮಾಡಬೇಕು, ಕಾಳನ್ನು ಅರೆಯಬೇಕು. ಅರೆದದ್ದು ಮತ್ತೆ ಬರಲ್ಲ. ಹದಿನೈದು ವರ್ಷದ ಹಿಂದೆ ಅರೆದು ಏನೂ ಸಿಗದೆ ಬಿಸಾಕಿದ ಎಲುಬಿನಿಂದ ಇವತ್ತಿನ ಯಂತ್ರ ಏನಾದರೂ ಓದುತ್ತಿತ್ತೇನೋ. ಹಾಗಾಗಿ ಸ್ವಲ್ಪ ಅರೆದು, ಜಾಸ್ತಿ ಉಳಿಸುವುದು ಒಳ್ಳೆಯದು. ಈ ಕೆಲಸಕ್ಕೆ ಹೊರದೇಶಕ್ಕೇ ಹೋಗಬೇಕು ಅಂತಿಲ್ಲ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ ಇದಕ್ಕೆಂದೇ ಲ್ಯಾಬ್ ಇದೆ. ನಮಗೆ ಹತ್ತಿರದ ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯವರು ಹಿಮಾಲಯದ ರೂಪಕುಂಡ ಸರೋವರದಲ್ಲಿ ಸಿಕ್ಕ ಮನುಷ್ಯರ ಅಸ್ಥಿಗಳ ಅಧ್ಯಯನದಲ್ಲಿ ಮುಂದಿದ್ದರು.

ಅಷ್ಟು ಹಳೆಯದು ಸಿಗದಿದ್ದರೆ ನೂರು, ಐವತ್ತು ವರ್ಷದ್ದೂ ಉಪಯೋಗಕ್ಕೆ ಬರುತ್ತದೆ. ಸ್ವೀಡನ್ನಿನಲ್ಲಿ 19ನೇ ಶತಮಾನದ ಬೀಜಗಳನ್ನು ಓದಿ ಹಳೆಯ ನಾಟಿ ಬಾರ್ಲಿಯ ಲೆಕ್ಕ ತೆಗೆದರು. ಐರ್ಲೆಂಡಿನ ಬರಗಾಲಕ್ಕೆ ಕಾರಣವಾದ ಆಲೂಗಡ್ಡೆ ರೋಗದ ತಳಿ ಯಾವುದು ಅಂತ 2013ರಲ್ಲಿ ಪತ್ತೆ ಹಚ್ಚಿದ್ದು, ಕಾಗದದ ಮೇಲೆ ಒತ್ತಿ ಇಟ್ಟಿದ್ದ ಒಣ ಎಲೆಗಳಿಂದ. ನೆಟೆ ಬಿದ್ದ ಒಂದು ತೊಗರಿ ಗಿಡವನ್ನು ತಾರೀಖು, ಊರು ಬರೆದು ಒಣಗಿಸಿ ಇಟ್ಟರೆ ಮುಂದೆ ಯಾರಿಗೋ ಅದೇ ದಾಖಲೆ.

ಇದನ್ನೆಲ್ಲ ಕಾಕಾಗೆ ಹೇಳಿದ್ದು ಎಳ್ಳ ಅಮಾವಾಸ್ಯೆ ಕಳೆದು ಎರಡು ತಿಂಗಳ ಮೇಲೆ. ಹಳೆ ಮನೆ ಕೆಡವುತ್ತಿದ್ದರು. ಅಂಗಳದಲ್ಲಿ ಒಂದು ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ ಇತ್ತು. ನಾನು ಹುಟ್ಟುವ ಮೊದಲೇ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದು. ಹಗೇವು ತೆರೆದ ಕೂಡಲೇ ಯಾರೂ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ಇರುತ್ತದೆ. ಒಂದು ದಿನ ಹಾಗೇ ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರದ್ದು ನೋಡಿ ಒಬ್ಬ ಹುಡುಗ ಇಳಿದ. ತಳದಲ್ಲಿ ಗೋಡೆಗೆ ಒತ್ತಿದ ಹುಲ್ಲಿನ ನಡುವೆ ಒಂದು ಬೊಗಸೆಯಷ್ಟು ಜೋಳ ಉಳಿದಿತ್ತು. ಕಂದು ಬಣ್ಣಕ್ಕೆ ತಿರುಗಿ, ಹಗುರವಾಗಿ, ಮೂಸಿದರೆ ಹಳೆ ಸಂದೂಕದ ವಾಸನೆ.

"ಎಪ್ಪತ್ತೆರಡರ ಬರಕ್ಕಿಂತ ಮೊದಲಿಂದಿರಬೇಕು," ಅಂದರು ಕಾಕಾ. "ಬಿತ್ತಿದ್ರ ಹುಟ್ಟಂಗಿಲ್ಲ. ಸತ್ತದ."

"ಸತ್ತದ್ದೂ ಓದ್ತಾರ ರೀ. ಮಾಲದಂಡಿನೋ, ಬ್ಯಾರೆ ಏನಾರ ಬೆರತದನೋ ಗೊತ್ತಾಗ್ತದ."

ಕಾಕಾ ಆ ಜೋಳವನ್ನು ಒಂದು ಗಾಜಿನ ಬಾಟಲಿಗೆ ಸುರಿದು ಬಿರಡೆ ಬಿಗಿ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದು ಅಂಗೈ ಮೇಲೆ ಎಣಿಸಿದರು.

"ಹತ್ತು ಕಾಳು ಒಯ್ಯಿ. ಅರೆದು ಏನು ನೋಡ್ತಾರೋ ನೋಡ್ಲಿ. ಉಳಿದದ್ದು ಇಲ್ಲೇ ಇರ್ತದ."